ಕಸೂತಿಯ ಗವಸು

ಲಗ್ನಪತ್ರಿಕೆ ಟೈಪು ಮಾಡಿಕೊಡುವ ನೀಲವ್ವ, ಧೂಳು ಕೂರಬಾರದೆಂದು ಕಂಪ್ಯೂಟರಿನ ಡಬ್ಬಿಗೆ ಕಸೂತಿ ಹಾಕಿದ ಗವಸು ತೊಡಿಸಿದ್ದಳು. ಕೆಲಸದ ಹೊತ್ತಿನಲ್ಲೂ ಅದನ್ನು ತೆಗೆಯುತ್ತಿರಲಿಲ್ಲ.

ಒಳಗಿದ್ದ ಫ್ಯಾನು ಗವಸನ್ನು ಬೇಡಿಕೊಂಡಿತು: “ಸ್ವಲ್ಪ ಸರಿಯಪ್ಪ. ಬಿಸಿಗಾಳಿ ಹೊರಗೆ ಹೋಗುತ್ತಿಲ್ಲ. ಹೀಗೇ ಆದರೆ ಕಂಪ್ಯೂಟರು ನಿಂತುಹೋಗುತ್ತದೆ.”

“ಕಾಯುವುದು ನನ್ನ ಧರ್ಮ,” ಎಂದಿತು ಗವಸು. “ಒಂದು ಕಣ ಧೂಳನ್ನೂ ಒಳಗೆ ಬಿಡಲಾರೆ.”

ಫ್ಯಾನು ಏದುಸಿರು ಬಿಡುತ್ತಾ ತಿರುಗಿತು. ಆದರೂ ಕಂಪ್ಯೂಟರು ತಟ್ಟನೆ ಆಫಾಯಿತು. ಅರ್ಧ ಮುಗಿದಿದ್ದ ಲಗ್ನಪತ್ರಿಕೆ ಅಳಿಸಿಹೋಯಿತು. ನೀಲವ್ವ ಪ್ಲಗ್ಗು ಅಲುಗಿಸಿದಳು, ವಯರು ಬದಲಿಸಿದಳು. ಕಡೆಗೆ, “ಪಾಪ, ಎಲ್ಲೋ ಧೂಳು ಹೊಕ್ಕಿರಬೇಕು,” ಎಂದು ಮರುಗಿ, ಮೇಲೊಂದು ದಪ್ಪನೆಯ ಗವಸು ಹೊಚ್ಚಿದಳು.

ಹಳೆಯ ಗವಸು ಫ್ಯಾನಿಗೆ ಹೇಳಿತು: “ನೋಡಿದೆಯಾ? ಕಾವಲು ಸಾಲದೆ ಹೀಗಾಯಿತು.”