ಆರತಿಯ ಹೊತ್ತಿನ ಹಾಡು

ಸ್ಟುಡಿಯೊದ ಕಂಪ್ಯೂಟರಿನಲ್ಲಿದ್ದ ಮದುವೆಯ ವಿಡಿಯೊ, ಮದುಮಗಳು ಕೊಟ್ಟುಹೋಗಿದ್ದ ಹಳೆಯ ಪೆನ್ ಡ್ರೈವಿನ ಬಾಗಿಲಿಗೆ ಗತ್ತಿನಿಂದ ಬಂದು ನಿಂತಿತು.

“ತಾವು ಕ್ಷಮಿಸಬೇಕು” ಎಂದಿತು ಪೆನ್ ಡ್ರೈವ್. “ಒಳಗೆ ಜಾಗ ಬೇಕಾದಷ್ಟಿದೆ. ಆದರೆ ನಾಲ್ಕು ಜಿಬಿ ಮೀರಿದ ಒಂದೇ ಫೈಲು ನನ್ನ ಬಾಗಿಲಲ್ಲಿ ಹಿಡಿಸುವುದಿಲ್ಲ.”

“ಫಾರ್ಮ್ಯಾಟ್ ಮಾಡಿಸಿಕೊ. ಬಾಗಿಲು ಅಗಲವಾಗುತ್ತದೆ.”

“ಆಗ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಮದುಮಗಳ ಅಜ್ಜಿ ತುಂಗವ್ವ ತೀರಿಕೊಳ್ಳುವ ಮೊದಲು ಹಾಡಿಟ್ಟ ಸೋಬಾನೆ ಪದ ನನ್ನಲ್ಲಿ ಮಾತ್ರ ಇದೆ.”

ವಿಡಿಯೊ ತನ್ನೊಳಗಿನ ಆರತಿಯ ಹೊತ್ತನ್ನು ತಿರುಗಿ ನೋಡಿತು. ಆರತಿ ತಟ್ಟೆ ಹಿಡಿದ ಹೆಂಗಸರು ಹಾಡಲು ಬಾರದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತದ್ದು ಅದರೊಳಗೇ ಇತ್ತು.

“ನಾನೇ ಎರಡು ತುಂಡಾಗಿ ಬರುತ್ತೇನೆ” ಎಂದಿತು ಮೆಲ್ಲಗೆ. “ಆರತಿಗೆ ಮುಂಚಿನದು ಒಂದು, ಆರತಿಯಿಂದ ಆಚೆಯದು ಇನ್ನೊಂದು. ನಡುವೆ ಅಜ್ಜಿ ಹಾಡಲಿ.”