ಮೇಸ್ತ್ರಿ ಹೇಳಿದ ಮಾತು

"ಗುರುಗಳೇ, ನನ್ನ ಶಾಲೆಗೆ ಬರುವ ಒಂದು ಮಗುವಿನ ತಾಯಿಗೆ ನನ್ನ ಭಾಷೆ ಬರುವುದಿಲ್ಲ. ಅವಳ ಭಾಷೆ ನನಗೆ ಬರುವುದಿಲ್ಲ. ಅವಳನ್ನು ಬಿಟ್ಟು ಮಗುವಿಗೆ ಕಲಿಸಿದರೆ ಆಗದೇ?"

ಹೀಗೆ ಕೇಳಿದವಳು ತನುಜಾ. ಬೆಳವಣಿಗೆ ನಿಧಾನವಾದ ಪುಟ್ಟ ಮಕ್ಕಳಿಗೆ ಕಲಿಸುವ ವಿದ್ಯೆಯನ್ನು ಅವಳು ಈ ಗುರುಗಳಿಂದಲೇ ಪಡೆದಿದ್ದಳು. ಕೆಲಸಕ್ಕೆ ಸೇರಿ ಆರು ವಾರವಾಗಿತ್ತು. ಆ ದಿನ ಬಸ್ಸಿಳಿದವಳು ನಡೆದು ಬರಲಿಲ್ಲ, ಓಡಿ ಬಂದಳು. ಚೀಲದ ತುಂಬ ತಾನೇ ಬಿಡಿಸಿದ ಚಿತ್ರಗಳಿದ್ದವು. ಅವನ್ನೆಲ್ಲ ಗುರುಗಳ ಮುಂದೆ ಹರಡಿದಳು. ಇವುಗಳಿಂದ ಮಗುವಿಗೆ ಮಾತು ಕಲಿಸುತ್ತೇನೆ, ಮನೆಯವರ ನೆರವೇ ಬೇಕಾಗುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ಗುರುಗಳು ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಚೆನ್ನಾಗಿವೆ ಎಂದರು. ಆಮೇಲೆ ಈ ಕತೆ ಹೇಳಿದರು.

ಕರಾವಳಿಯ ಒಂದು ಪಟ್ಟಣದಲ್ಲಿ ವಾರಿಜಾ ಎಂಬ ಶಿಕ್ಷಕಿ ಇದ್ದಳು. ನಿನ್ನ ಹಾಗೆಯೇ ಪುಟ್ಟ ಮಕ್ಕಳಿಗೆ ಕಲಿಸುತ್ತಿದ್ದಳು. ಬಹಳ ಶ್ರದ್ಧೆಯವಳು. ಒಂದು ಮಗು ಹೊಸದಾಗಿ ಚಪ್ಪಾಳೆ ತಟ್ಟಿದರೆ ಆ ದಿನವೆಲ್ಲ ಕಂಡವರಿಗೆಲ್ಲ ಅದನ್ನೇ ಹೇಳುವಳು.

ಆ ಪಟ್ಟಣದಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಕಲ್ಲು ಹೊರಲು ಬಂದವರಲ್ಲಿ ಝಮಲಿಬಾಯಿ ಎಂಬ ಲಂಬಾಣಿ ಹೆಂಗಸು ಮತ್ತು ಅವಳ ಗಂಡ ಇದ್ದರು. ಗಡಿಯಂಚಿನ ತಾಂಡಾದವರು. ತಾಂಡಾದ ಮಾತು ಬಿಟ್ಟರೆ ಬೇರೆ ಮಾತು ಅವರಿಗೆ ತಿಳಿಯದು. ಅವರಿಗೆ ನಾಲ್ಕು ವರ್ಷದ ಮಗಳು, ಹೆಸರು ರುಪ್ಲಿ. ಮೂರು ತುಂಬಿದ ಮೇಲೆ ನಡೆಯಲು ಕಲಿತ ಮಗು. ಒಂದು ಮಾತೂ ಬಂದಿರಲಿಲ್ಲ. ಆದರೆ ಸದಾ ಏನೋ ಒಂದು ಸದ್ದು ಮಾಡುತ್ತಿತ್ತು. ಗುನುಗುವುದು, ಕೂಗುವುದು, ನಗುವುದು.

ಇಂಥ ಮಕ್ಕಳಿಗೂ ಒಂದು ಶಾಲೆ ಇದೆ ಎಂದು ಯಾರೋ ಕೈಸನ್ನೆಯಲ್ಲಿ ತೋರಿಸಿದರು. ಝಮಲಿಬಾಯಿ ಮಾರನೆಯ ಬೆಳಿಗ್ಗೆಯೇ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಮಗಳನ್ನು ಬಾಗಿಲಲ್ಲಿ ಇಳಿಸುವಳು, ಕೈಮುಗಿಯುವಳು, ಕೆಲಸಕ್ಕೆ ಹೋಗುವಳು.

ಮೊದಲ ವಾರವೇ ವಾರಿಜಾ ಕಟ್ಟಡದ ಮೇಸ್ತ್ರಿಯನ್ನು ಕರೆಸಿದಳು. ಅವನಿಗೆ ಲಂಬಾಣಿ ಮಾತು ಅಷ್ಟಿಷ್ಟು ಬರುತ್ತಿತ್ತು. ವಾರಿಜಾ ಬಹಳ ಹೊತ್ತು ಮಾತಾಡಿದಳು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಎಂದರೆ ಮಗುವಿಗೆ ಗೊಂದಲವಾಗುತ್ತದೆ. ಆದ್ದರಿಂದ ಮನೆಯಲ್ಲೂ ತಾಂಡಾದ ಮಾತು ಆಡುವುದು ಬೇಡ. ಬಂದಷ್ಟು ಕನ್ನಡವನ್ನೇ ಆಡಲಿ. ಹೀಗೆಂದಳು. ಮೇಸ್ತ್ರಿ ತಲೆಯಾಡಿಸಿದ. ಝಮಲಿಬಾಯಿಯ ಕಡೆ ತಿರುಗಿ ಒಂದೇ ಒಂದು ಮಾತು ಹೇಳಿದ. ಝಮಲಿಬಾಯಿ ಶಿಕ್ಷಕಿಯ ಮುಖವನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು, ಆಗಲಿ ಎಂದು ತಲೆ ತಗ್ಗಿಸಿದಳು.

ವಾರಿಜಾ ಹುರುಪಿನಿಂದ ಕಲಿಸತೊಡಗಿದಳು. ಮಗುವಿನ ಪಕ್ಕದಲ್ಲಿ ಕುಳಿತು ಲೋಟ ತೋರಿಸಿ "ನೀರು" ಎನ್ನುವಳು. ದಿನಕ್ಕೆ ನೂರು ಸಲ. "ನೀರು ತಾ" ಎಂದು ಕೈ ಚಾಚುವಳು. ರುಪ್ಲಿ ಗೋಡೆ ನೋಡುತ್ತಾ ಕೂರುವಳು.

ಕೆಲವು ವಾರಗಳಲ್ಲಿ ಒಂದು ಬದಲಾವಣೆ ಕಂಡಿತು. ಮಗುವಿನ ಕೂಗಾಟ ನಿಂತಿತು. ಆಮೇಲೆ ಗುನುಗುವುದೂ ನಿಂತಿತು. ಮಗು ಶಾಂತವಾಗುತ್ತಿದೆ ಎಂದು ವಾರಿಜಾ ಸಂತೋಷಪಟ್ಟಳು. ಮಗುವಿನ ಬೆಳವಣಿಗೆ ಬರೆದಿಡುವ ಪುಸ್ತಕದಲ್ಲಿ ಹಾಗೆಯೇ ಬರೆದಳು. ಆದರೆ ಮೂರನೆಯ ತಿಂಗಳು ಮಗು ನಗುವುದನ್ನೂ ಬಿಟ್ಟಿತು. ತಟ್ಟೆ ಮುಂದಿಟ್ಟರೆ ತಿನ್ನಲಿಲ್ಲ. ನಾಲ್ಕನೆಯ ತಿಂಗಳಿಗೆ ವಾರಿಜಾಳ ಹುರುಪು ಆರಿಹೋಯಿತು. ಈ ಮಗುವಿಗೆ ಕಲಿಸಲು ತನ್ನಿಂದ ಆಗದು, ಸುಮ್ಮನೆ ತಾಯಿಯನ್ನು ಓಡಾಡಿಸುವುದು ಬೇಡ ಎನ್ನಿಸಿತು. ಅದನ್ನು ಹೇಳಿಬಿಡಲು ಒಂದು ಭಾನುವಾರ ಬೆಳಿಗ್ಗೆ ಕೆಲಸಗಾರರ ಶೆಡ್ಡಿಗೆ ಹೊರಟಳು.

ಶೆಡ್ಡಿನ ಮುಂದೆ ಮುದುಕಿಯೊಬ್ಬಳು ಕುಳಿತಿದ್ದಳು. ಝಮಲಿಬಾಯಿಯ ಅತ್ತೆ. ಮೊಮ್ಮಗಳನ್ನು ನೋಡಲು ತಾಂಡಾದಿಂದ ಹಿಂದಿನ ದಿನವಷ್ಟೇ ಬಂದಿದ್ದಳು. ಅವಳು ರೊಟ್ಟಿಯ ಹಿಟ್ಟು ನಾದುತ್ತಾ, ತಲೆಯನ್ನೂ ಎತ್ತದೆ, ತನ್ನ ಮಾತಿನಲ್ಲಿ ಏನೋ ಕೂಗಿದಳು. ಆ ಮಾತಿನಲ್ಲಿ "ಪಾಣಿ" ಎಂಬ ಒಂದು ಪದ ಮಾತ್ರ ವಾರಿಜಾಳಿಗೆ ತಿಳಿಯಿತು.

ಒಳಗಿನಿಂದ ರುಪ್ಲಿ ಬಂದಳು. ಎರಡೂ ಕೈಯಲ್ಲಿ ನೀರಿನ ತಂಬಿಗೆ ಹಿಡಿದಿದ್ದಳು. ಅರ್ಧ ನೀರು ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಅಜ್ಜಿಯ ಮುಂದೆ ಇಟ್ಟಳು.

ವಾರಿಜಾ ನಿಂತಲ್ಲೇ ನಿಂತಳು. ನಾಲ್ಕು ತಿಂಗಳು ತಾನು ಬೇಡಿದ್ದು ಇದೇ ನೀರು! ಅವಳು ಓಡಿಹೋಗಿ ಮುದುಕಿಯ ಮುಂದೆ ಮಂಡಿಯೂರಿದಳು. ಇನ್ನೊಂದು ಹೇಳಿ, ಇನ್ನೊಂದು ಏನಾದರೂ ತರಲು ಹೇಳಿ ಎಂದಳು. ಕೈಯಲ್ಲೂ ತೋರಿಸಿದಳು. ಮುದುಕಿ ಬೆರಗಾಗಿ ಪೊರಕೆ ತರಲು ಹೇಳಿದಳು. ರುಪ್ಲಿ ಪೊರಕೆ ತಂದಳು. ಚಪ್ಪಲಿ ತರಲು ಹೇಳಿದಳು. ಒಂದು ಚಪ್ಪಲಿ ಬಂತು. ಇನ್ನೊಂದೆಲ್ಲಿ ಎಂದು ಗದರಿದಳು. ಮಗು ತಿರುಗಿ ಹೋಗಿ ಇನ್ನೊಂದನ್ನೂ ತಂದಿತು! ವಾರಿಜಾ ಚಪ್ಪಾಳೆ ತಟ್ಟಿದಳು, ನಕ್ಕಳು, ಕಣ್ಣೊರೆಸಿಕೊಂಡಳು. ಈ ಮಗುವಿಗೆ ಎಲ್ಲ ತಿಳಿಯುತ್ತದೆ, ಎಲ್ಲ ತಿಳಿಯುತ್ತದೆ ಎಂದು ಯಾರಿಗೆಂದಿಲ್ಲದೆ ಕೂಗಿದಳು.

ಆಗ ಅವಳ ಕಣ್ಣು ಝಮಲಿಬಾಯಿಯ ಮೇಲೆ ಬಿತ್ತು. ಅವಳು ಶೆಡ್ಡಿನ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮುಖದಲ್ಲಿ ಸಂತೋಷವಿರಲಿಲ್ಲ. ಹೆದರಿಕೆ ಇತ್ತು.

ಮುದುಕಿ ಪ್ರಾಯದಲ್ಲಿ ಊರೂರು ಸುತ್ತಿ ಸೀತಾಫಲ ಮಾರಿದವಳು. ಕನ್ನಡ ಬಲ್ಲವಳು. ಹಿಟ್ಟಿನ ಕೈಯಲ್ಲೇ ಕೈಮುಗಿದಳು.

"ತಪ್ಪಾತ್ರಿ ಅಕ್ಕೋರೆ. ಕೂಸಿನ ಮುಂದ ಬಾಯಿ ತಗೀಬಾರ್ದು ಅಂತ ನೀವ ಹೇಳೀರಂತಲ್ಲ, ನನಗ ಗೊತ್ತಿರಲಿಲ್ಲ. ನಿನ್ನೆ ಬಂದ ಮ್ಯಾಲ ಸೊಸಿ ಹೇಳಿದ್ಲು, ಆದ್ರೂ ಮರತು ಮಾತಾಡಿಬಿಟ್ಟೆ. ನನ್ನ ಸೊಸಿ ಏನೂ ತಪ್ಪ ಮಾಡಿಲ್ರಿ. ನಾಕ ತಿಂಗಳಾತು, ಮಗಳ ಜೋಡಿ ಒಂದ ಮಾತ ಆಡಿಲ್ಲ. ಗಂಡನ ಜೋಡಿ ಮಾತಾಡೂದಿದ್ರ ಹೊರಗ ಆ ಉಸುಕಿನ ಗುಡ್ಡಿ ಕಡೆ ಹೋಗಿ ಮಾತಾಡಿ ಬರ್ತಾಳ. ಕೂಸಿನ ಸಾಲಿ ಮಾತ್ರ ಬಿಡಿಸಬ್ಯಾಡ್ರಿ."

"ಅಯ್ಯೋ ಅಜ್ಜೀ, ನಾನು ಹಾಗೆ ಹೇಳಲಿಲ್ಲ! ಯಾರು ಹಾಗೆ ಹೇಳಿದವರು?"

"ಮೇಸ್ತ್ರಿ ಹೇಳ್ಯಾನ್ರಿ. 'ನಿನ್ನ ಮಾತು ಬ್ಯಾಡಂತ' ಅಂದಾನಂತ."

ವಾರಿಜಾಳಿಗೆ ಮೊದಲು ಮೇಸ್ತ್ರಿಯ ಮೇಲೆ ಸಿಟ್ಟು ಬಂತು. ಆಮೇಲೆ ತಾನು ಅಂದು ಆಡಿದ ಮಾತನ್ನು ನೆನೆಸಿಕೊಂಡಳು. ಅದರಲ್ಲಿ ಕಾರಣಗಳಿದ್ದವು, ವಿನಯವಿತ್ತು, ಬಹಳ ಪದಗಳಿದ್ದವು. ಅವನ್ನೆಲ್ಲ ತೆಗೆದರೆ ಉಳಿಯುವುದು ಮೇಸ್ತ್ರಿ ಹೇಳಿದ ಮಾತೇ. ಸಿಟ್ಟು ಹೋಯಿತು. ಅವಳು ಎದ್ದು ಝಮಲಿಬಾಯಿಯ ಬಳಿ ಹೋದಳು. ಅವಳ ಬಾಯಿಗೆ ಒತ್ತಿದ್ದ ಸೆರಗನ್ನು ತನ್ನ ಕೈಯಿಂದಲೇ ಕೆಳಗಿಳಿಸಿದಳು. ಮಗುವನ್ನು ತೋರಿಸಿ, ಮಾತಾಡು ಎಂದು ಸನ್ನೆ ಮಾಡಿದಳು.

ಝಮಲಿಬಾಯಿ ನಂಬಲಿಲ್ಲ. ಅತ್ತೆಯ ಕಡೆ ನೋಡಿದಳು. ಅತ್ತೆ ಹೌದೆಂದಳು. ಆದರೂ ಬಾಯಿ ಬರಲಿಲ್ಲ. ಆಗ ವಾರಿಜಾ ತಾನೇ ತಂಬಿಗೆ ಹಿಡಿದು "ಪಾಣಿ" ಎಂದಳು. ಅವಳ ನಾಲಿಗೆಯಲ್ಲಿ ಆ ಪದ ಎಷ್ಟು ವಕ್ರವಾಗಿ ಬಂತೆಂದರೆ ಝಮಲಿಬಾಯಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮಾತು ಬಂತು. ಮೊದಲು ಮಗಳ ಹೆಸರು. ಅದೂ ಪಿಸುಮಾತಿನಲ್ಲಿ. ಮತ್ತೊಮ್ಮೆ ಹೆಸರು, ಸ್ವಲ್ಪ ಗಟ್ಟಿಯಾಗಿ. ಆಮೇಲೆ ತಡೆಯೇ ಇರಲಿಲ್ಲ. ಮಗಳನ್ನು ಎತ್ತಿಕೊಂಡು ನಾಲ್ಕು ತಿಂಗಳ ಮಾತನ್ನೆಲ್ಲ ಒಂದೇ ಸಲಕ್ಕೆ ಸುರಿದಳು. ಬೈದಳು, ಮುದ್ದಿಸಿದಳು, ಹಾಡಿದಳು, ಅತ್ತಳು. ರುಪ್ಲಿ ತಾಯಿಯ ತುಟಿಗಳ ಮೇಲೆ ತನ್ನ ಬೆರಳುಗಳನ್ನು ಇಟ್ಟುಕೊಂಡು ಕೇಳಿದಳು. ಆಮೇಲೆ ಗುನುಗಿದಳು. ಗಂಡ ಏನಾಯಿತೋ ಎಂದು ಕಟ್ಟಡದ ಕಡೆಯಿಂದ ಓಡಿಬಂದ.

ವಾರಿಜಾ ಹೇಳಬೇಕೆಂದು ಬಂದದ್ದನ್ನು ಹೇಳಲಿಲ್ಲ. ಮಾರನೆಯ ದಿನದಿಂದ ಶಾಲೆಯ ಬಾಗಿಲನ್ನು ಒಂದು ಗಂಟೆ ಮೊದಲೇ ತೆರೆದಳು. ಕೆಲಸಕ್ಕೆ ಹೋಗುವ ಮುಂಚೆ ಝಮಲಿಬಾಯಿ ಒಳಗೆ ಬಂದು ಕೂರಬೇಕು. ಅತ್ತೆ ಊರಿಗೆ ಹೋಗುವ ತನಕ ಜೊತೆಗಿದ್ದು ಮಾತು ದಾಟಿಸಬೇಕು. ಅದು ಒಪ್ಪಂದ.

ಮೊದಲ ಬೆಳಿಗ್ಗೆ ವಾರಿಜಾ ಎಂದಿನಂತೆ ರುಪ್ಲಿಯ ಬಲಕ್ಕೆ ಕುಳಿತಳು. ಝಮಲಿಬಾಯಿ ಬೇಡವೆಂದು ತಲೆಯಾಡಿಸಿದಳು. ಶಿಕ್ಷಕಿಯ ಭುಜ ಹಿಡಿದು ಎಬ್ಬಿಸಿ ಎಡಕ್ಕೆ ಕೂರಿಸಿದಳು. ಯಾಕೆಂದು ಅತ್ತೆಯಿಂದ ತಿಳಿಯಿತು. ಮಗುವಿಗೆ ಬಲಗಿವಿ ಕೇಳಿಸುವುದಿಲ್ಲ. ಹಾಲೂಡಿಸುವಾಗಿನಿಂದ ತಾಯಿಗೆ ಇದು ಗೊತ್ತು. ಶಾಲೆಯವರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದಳು. ಇಷ್ಟು ದಿನವೂ ವಾರಿಜಾ ಆ ಬಲಗಿವಿಗೇ ಪಾಠ ಹೇಳಿದ್ದಳು! ಅವಳು ಹಣೆ ಹಣೆ ಬಡಿದುಕೊಂಡಳು. ಮರುಕ್ಷಣವೇ ಪುಸ್ತಕ ತೆಗೆದಳು. ಇನ್ನೇನು ಗೊತ್ತು ನಿನಗೆ, ಹೇಳು, ಎಲ್ಲ ಹೇಳು ಎಂದಳು. ಝಮಲಿಬಾಯಿ ಹೇಳುತ್ತಾ ಹೋದಳು. ಮುದುಕಿ ದಾಟಿಸುತ್ತಾ ಹೋದಳು. ಆ ಒಂದು ಗಂಟೆಯಲ್ಲಿ ವಾರಿಜಾ ಬರೆದುಕೊಂಡಷ್ಟು ನಾಲ್ಕು ತಿಂಗಳಲ್ಲಿ ಬರೆದಿರಲಿಲ್ಲ.

ಹತ್ತೊಂಬತ್ತನೆಯ ದಿನ ತಾಯಿ ಕೆಲಸಕ್ಕೆ ಹೊರಟು ಬಾಗಿಲು ದಾಟುವಾಗ ರುಪ್ಲಿ "ಯಾಡಿ" ಎಂದಳು. ಅವರ ಮಾತಿನಲ್ಲಿ ಅಮ್ಮ ಎಂದರ್ಥ. ಝಮಲಿಬಾಯಿ ಹೊಸ್ತಿಲಲ್ಲೇ ಕುಸಿದು ಕುಳಿತಳು. ವಾರಿಜಾ ಹಾಕಿದ ಕೂಗಿಗೆ ಪಕ್ಕದ ಅಂಗಡಿಯ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿಬಂದ. ಏನೆಂದು ತಿಳಿದ ಮೇಲೆ ಅವನೂ ಅಲ್ಲೇ ನಿಂತ. ಮಗು ಇನ್ನೊಮ್ಮೆ ಹೇಳುವ ತನಕ ಹೋಗಲಿಲ್ಲ.

"ಪಾಣಿ" ಆಮೇಲೆ ಬಂತು. "ನೀರು" ಅದರ ಬೆನ್ನಿಗೇ ಬಂತು. ಒಂದೇ ವಸ್ತುವಿಗೆ ಎರಡು ಹೆಸರಿದ್ದರೂ ಮಗುವಿಗೆ ಗೊಂದಲವೇನೂ ಆಗಲಿಲ್ಲ. ತಾಯಿಯನ್ನು ಕೇಳುವಾಗ ಒಂದು, ಶಿಕ್ಷಕಿಯನ್ನು ಕೇಳುವಾಗ ಇನ್ನೊಂದು. ರುಪ್ಲಿ ಇತರ ಮಕ್ಕಳ ಸಮಕ್ಕೆ ಬಂದಳು ಎಂದು ನಾನು ಹೇಳುವುದಿಲ್ಲ. ಅವಳ ನಡಿಗೆ ನಿಧಾನವಾಗಿಯೇ ಉಳಿಯಿತು. ಆದರೆ ಕಟ್ಟಡ ಮುಗಿದು ಅವರು ಬೇರೆ ಊರಿಗೆ ಹೊರಡುವ ಹೊತ್ತಿಗೆ ಅವಳಿಗೆ ಬೇಕಾದದ್ದನ್ನು ಕೇಳಲು ಬರುತ್ತಿತ್ತು, ಬೇಡವಾದದ್ದನ್ನು ಬೇಡ ಎನ್ನಲು ಬರುತ್ತಿತ್ತು. ಹೊಸ ಊರಿನ ಶಾಲೆಗೆ ಹೋದಾಗ ಝಮಲಿಬಾಯಿ ಬಾಗಿಲಲ್ಲಿ ಕೈಮುಗಿದು ಹಿಂದಿರುಗಲಿಲ್ಲವಂತೆ. ಯಾರೂ ಕರೆಯದಿದ್ದರೂ ಒಳಗೆ ಹೋಗಿ ಕುಳಿತಳಂತೆ.

ಗುರುಗಳು ಕತೆ ನಿಲ್ಲಿಸಿದರು.

ತನುಜಾ ಆಗಲೇ ಚಿತ್ರಗಳನ್ನು ಬಾಚಿ ಚೀಲಕ್ಕೆ ತುಂಬುತ್ತಿದ್ದಳು. ಅವಳ ಮುಖ ಕೆಂಪಾಗಿತ್ತು. ಮಧ್ಯಾಹ್ನದ ಬಸ್ಸಿಗೇ ಹೋಗುತ್ತೇನೆ ಎಂದಳು. ನಾಳೆ ಬೆಳಿಗ್ಗೆಯೇ ಆ ತಾಯಿಯನ್ನು ಒಳಗೆ ಕರೆದು ಕೂರಿಸುತ್ತೇನೆ, ಮಗುವಿನ ವಿಷಯವೆಲ್ಲ ಅವಳಿಂದಲೇ ಕೇಳಿ ತಿಳಿಯುತ್ತೇನೆ, ಅವಳ ಭಾಷೆಯನ್ನೂ ಅವಳಿಂದಲೇ ಕಲಿಯುತ್ತೇನೆ ಎಂದಳು. ಹೇಳುತ್ತಾ ಹೇಳುತ್ತಾ ಬಾಗಿಲಿನವರೆಗೂ ಹೋದಳು.

ಗುರುಗಳು ಹಿಂದಿನಿಂದ ಕೇಳಿದರು:

"ಆ ತಾಯಿಯ ಹೆಸರೇನು, ತನುಜಾ?"

ತನುಜಾ ಬಾಗಿಲಲ್ಲೇ ನಿಂತಳು. ಅದನ್ನು ಅವಳು ಕೇಳಿಯೇ ಇರಲಿಲ್ಲ.