ಓಬಳೇಶ ಅಪ್‌ಲೋಡ್ ಮಾಡಿದ್ದು

ಊಂಗುಟ್ಟೋರು ಊಂಗುಟ್ಟಿ. ನಗೋರು ಮಾತ್ರ ವಸಿ ತಡ್ಕೊಂಡು ನಗಿ. ಈ ಕತೇಲಿ ಎಳೇ ಕೂಸುಗಳ ಉಸಿರು ಐತೆ.

ಸಿರಾ ದಾರೀಲಿ ಒಂದು ಆಕ್ಸಿಜನ್ ಕಾರ್ಖಾನೆ. ಗಾಳೀನ ಸಿಲಿಂಡರಿಗೆ ತುಂಬೋದು, ಲಾರಿಗೆ ಹೇರೋದು, ಆಸ್ಪತ್ರೆಗಳಿಗೆ ಕಳ್ಸೋದು. ಅಲ್ಲಿ ಗಿರಿಯಮ್ಮ ಅನ್ನೋ ಹೆಂಗಸು ಸಿಲಿಂಡರ್ ತೊಳೆದು ಬಣ್ಣ ಬಳಿಯೋಳು. ಅವಳಿಗೆ ಒಬ್ನೇ ಮಗ, ಓಬಳೇಶ. ಆಳು ನೋಡಿದ್ರೆ ಆನೆ. ಬುದ್ಧಿ ನೋಡಿದ್ರೆ... ಬಿಡಿ, ನೀವೇ ನೋಡ್ತೀರ. "ಬಾಗ್ಲು ನೋಡ್ಕೋ ಮಗಾ" ಅಂತ ಅವ್ವ ಹೇಳಿ ಹೋದ್ರೆ ಬಾಗ್ಲನ್ನೇ ನೋಡ್ತಾ ಕೂರೋನು. ಹಿತ್ಲಿಂದ ದನ ನುಗ್ಗಿ ರಾಗಿ ತಿಂದು ಹೋಗಿರೋದು.

"ಯಾಕ್ಲಾ ದನ ಓಡಿಸ್ಲಿಲ್ಲ?"

"ಬಾಗ್ಲಲ್ಲಿ ಬರ್ಲಿಲ್ವಲ್ಲವ್ವಾ!"

ಗಿರಿಯಮ್ಮ ಹಣೆ ಹಣೆ ಚಚ್ಕೊಂಡಳು. ದಿನಾ ಚಚ್ಕೊಳೋಳು.

ಹಿಂದೆಲ್ಲ ಆ ಕಾರ್ಖಾನೇಲಿ ಸೀಮೆಸುಣ್ಣದ ಲೆಕ್ಕ. ಗೀಟು ಎಳೆದಿದ್ರೆ ತುಂಬಿದ ಸಿಲಿಂಡರ್, ಗೀಟಿಲ್ದಿದ್ರೆ ಖಾಲಿ. ಆಮೇಲೆ ಕಂಪ್ಯೂಟರ್ ಬಂತು. ಒಂದೊಂದು ಸಿಲಿಂಡರಿಗೂ ಒಂದೊಂದು ಸ್ಟಿಕರ್, ಕೈಯಲ್ಲಿ ಹಿಡಿಯೋ ಟ್ಯಾಬು, ಟ್ಯಾಬು ಒಪ್ಪಿದ್ರೆ ತಾನಾಗೇ ತೆರೆಯೋ ಗೇಟು. ಒಪ್ಪದಿದ್ರೆ ದೇವರು ಬಂದು ನೂಕಿದ್ರೂ ತೆರೆಯಾಕಿಲ್ಲ. ಹಳೇ ಗೇಟಿನ ಮುದುಕ "ನಂಗಾಗಾಕಿಲ್ಲ ಸ್ವಾಮಿ" ಅಂತ ಬಿಟ್ಟೋದ. ಗಿರಿಯಮ್ಮ ಸೂಪರ್‌ವೈಸರ್ ವಿರೂಪಾಕ್ಷಪ್ಪನೋರ ಮುಂದೆ ನಿಂತ್ಳು.

"ಸಾರ್, ನನ್ ಮಗನ್ನ ಹಾಕ್ಕೊಳ್ಳಿ. ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ."

"ತಪ್ಪು ಮಾಡಿದ್ರೆ?"

"ಅವನ ಜೊತೆ ನನ್ನೂ ಕಳ್ಸಿಬಿಡಿ!"

ಮಾತು ಬಾಯಿಂದ ಜಾರ್ತು. ಹಾಕ್ಕೊಂಡ್ರು.

ಮೊದಲ್ನೇ ದಿವ್ಸ ವಿರೂಪಾಕ್ಷಪ್ಪ ಅವನ ಕಿವಿಗೆ ಬಾಯಿಟ್ಟು ಪಾಸ್‌ವರ್ಡ್ ಹೇಳ್ಕೊಟ್ರು. "ಇದನ್ನ ಯಾರಿಗೂ ಹೇಳ್ಬೇಡ! ನಿಮ್ಮವ್ವಂಗೂ ಹೇಳ್ಬೇಡ!"

"ಹೇಳಲ್ಲ ಸಾರ್!"

ಲಾರಿ ಬಂತು. ಟ್ಯಾಬು ಹೊತ್ಕೊಳ್ತು. "ಪಾಸ್‌ವರ್ಡ್ ನಮೂದಿಸಿ" ಅಂತು. ಓಬಳೇಶ ಅದನ್ನ ದುರುಗುಟ್ಟಿ ನೋಡ್ದ. ತುಟಿ ಬಿಗಿ ಹಿಡ್ದ. ಟ್ಯಾಬು ಮತ್ತೆ ಕೇಳ್ತು. ಇವನು ಕೈ ಹಿಂದಕ್ಕೆ ಕಟ್ಕೊಂಡ. ಲಾರಿ ಹಾರನ್ ಹೊಡೀತು. ಹಿಂದೆ ಇನ್ನೊಂದು ಲಾರಿ, ಅದರ ಹಿಂದೆ ಮತ್ತೊಂದು. ಗೇಟು ತೆರೀಲಿಲ್ಲ. ವಿರೂಪಾಕ್ಷಪ್ಪ ಏದುಸಿರು ಬಿಡ್ತಾ ಓಡ್ಬಂದ್ರು.

"ಯಾಕೋ ಒತ್ತಿಲ್ಲ?"

"ಎಷ್ಟು ಕೇಳಿದ್ರೂ ಹೇಳ್ಲಿಲ್ಲ ಸಾರ್! ನಮ್ಮವ್ವಂಗೇ ಹೇಳ್ದಿರೋನು ಇದಕ್ಕೆ ಹೇಳ್ತೀನಾ?"

"ಅಯ್ಯೋ ಪೆದ್ದೇ! ಯಂತ್ರ ಕೇಳಿದ್ದನ್ನ ಕೊಡ್ಬೇಕು ಕಣೋ! ಅದೇನ್ ಕೇಳಿದ್ರೂ ಹೂಂ ಅನ್ಬೇಕು, ಒತ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್!"

ಸಂಜೆ ಅವ್ವ ಗೋಗರೆದ್ಲು. "ಮಗಾ, ನನ್ ಕೂಳೂ ನಿನ್ ಕೈಯಲ್ಲೈತೆ ಕಣ್ಲಾ. ಅವರು ಹೇಳ್ದಂಗೆ ಕೇಳು."

"ಅದನ್ನೇ ಅಲ್ವೇನವ್ವಾ ಮಾಡ್ತಿರೋದು?"

ಆ ಮಾತಿಗೆ ಗಿರಿಯಮ್ಮನ ಎದೆ ಇನ್ನೂ ಜಾಸ್ತಿ ಹೊಡ್ಕೊಳ್ತು.

ಮಾರನೇ ದಿವ್ಸ ಹೊತ್ತು ಏರೋಕೆ ಮುಂಚೆ ಜಾಲಗೆರೆ ಆಸ್ಪತ್ರೆಯಿಂದ ಫೋನು. ಮಕ್ಕಳ ವಾರ್ಡು ತುಂಬೋಗೈತೆ, ಎಳೇ ಕೂಸುಗಳಿಗೆಲ್ಲ ಎದೆ ಕಟ್ಟೈತೆ, ಇರೋ ಸಿಲಿಂಡರ್ ಮಧ್ಯಾಹ್ನಕ್ಕೆ ಖಾಲಿ, ಬೇಗ ಕಳ್ಸಿ! ಎಲ್ರೂ ಓಡಾಡಿ ಲಾರಿ ಹೇರಿದ್ರು. ಒಂದೊಂದೂ ಸ್ಕ್ಯಾನ್ ಆಯ್ತು. ಇನ್ನೇನು ಗೇಟು ತೆರೀಬೇಕು, ಓಬಳೇಶನ ಕೈ ಎಲ್ಲೋ ತಗುಲ್ತು, ಟ್ಯಾಬು ಕೇಳ್ತು: "ಎಲ್ಲವನ್ನೂ ಅಳಿಸಬೇಕೇ?"

ಓಬಳೇಶ ಹೂಂ ಅಂದ. ಒತ್ತಿದ.

"ಖಚಿತವೇ?" ಅಂತು.

"ಹೂಂ ಕಣಪ್ಪಾ!" ಅಂದ. ಒತ್ತಿದ.

ಅಷ್ಟೇ. ಟ್ಯಾಬು ಬೆಳ್ಳಗಾಯ್ತು. ಅದನ್ನ ನೋಡಿ ವಿರೂಪಾಕ್ಷಪ್ಪನೋರ ಮುಖಾನೂ ಬೆಳ್ಳಗಾಯ್ತು.

"ಏನೋ ಮಾಡ್ದೆ! ಏನೋ ಮಾಡ್ದೆ!"

"ಅದು ಕೇಳ್ತು, ನಾನು ಕೊಟ್ಟೆ. ಎರಡೆರಡು ಸಲ ಕೇಳ್ತು ಪಾಪ."

ಹೊಡೆಯೋಕೂ ಪುರುಸೊತ್ತಿಲ್ಲ. ಹೇರಿದ್ದನ್ನೆಲ್ಲ ಇಳಿಸಿ, ಒಂದೊಂದನ್ನೂ ಮತ್ತೆ ಸ್ಕ್ಯಾನ್ ಮಾಡಿ, ಮತ್ತೆ ಹೇರಿದ್ರು. ಗಿರಿಯಮ್ಮ ಬಣ್ಣದ ಕೈಯಲ್ಲೇ ಬಂದು ಸಿಲಿಂಡರ್ ಉರುಳಿಸಿದ್ಲು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಮೇಲೆ ಫೋನು. ಹೇರೋ ಆಳು ಒಬ್ಬ ಬಂದಿರ್ಲಿಲ್ಲ. ಲಾರಿ ಜೊತೆ ಇಳಿಸೋಕೆ ಗಟ್ಟಿ ಆಳು ಬೇಕು. ಗಟ್ಟಿ ಆಳು ಅಂದ್ರೆ ಅಲ್ಲಿ ಇದ್ದೋನು ಓಬಳೇಶ ಒಬ್ನೇ.

ವಿರೂಪಾಕ್ಷಪ್ಪ ಹಲ್ಲು ಕಚ್ಚಿ ಹೇಳಿದ್ರು: "ಹತ್ತೋ! ಟ್ಯಾಬು ಮುಟ್ಟಿದ್ರೆ ಕೈ ಮುರೀತೀನಿ. ದಾರಿ ಫೋನು ಹೇಳುತ್ತೆ. ಅದು ಬಂತು ಅಂದ ಕಡೆ ಇಳಿಸು. ಅಷ್ಟೇ!" ಆಮೇಲೆ ಗಿರಿಯಮ್ಮನ ಕಡೆ ತಿರುಗಿ, "ಇವತ್ತು ಕೆಟ್ರೆ ನಾಳೆಯಿಂದ ನೀನೂ ಬರೋದು ಬೇಡ" ಅಂದ್ರು.

ಗಿರಿಯಮ್ಮ ಲಾರಿ ಹೋದ ಧೂಳನ್ನೇ ನೋಡ್ತಾ ನಿಂತ್ಳು.

ಲಾರಿ ಡ್ರೈವರು ದಸ್ತಗೀರ್ ಸಾಬ್ರು. ಜಾಲಗೆರೆಗೆ ಹೊಸಬರು. ಗಾಡಿ ಬಾಣದಂಗೆ ಬಿಟ್ರು. ಫೋನಿನೊಳಗಿನ ಹೆಂಗಸು ಬಲಕ್ಕೆ ಅಂದ್ಲು, ಎಡಕ್ಕೆ ಅಂದ್ಲು. ಓಬಳೇಶ "ಆಯ್ತು ತಾಯಿ, ಆಯ್ತು ತಾಯಿ" ಅಂದ. ಊರೊಳಗೆ ಒಂದು ಗಲ್ಲಿ. ಲಾರಿ ಅಲ್ಲಿ ಸಿಕ್ಕಂಗಾಯ್ತು. ಮುಂದೆ ಎತ್ತರದ ಕಾಂಪೌಂಡ್ ಗೋಡೆ. ಅದು ಆಸ್ಪತ್ರೆಯ ಬೆನ್ನು!

"ಗೇಟು ಯಾವ ಕಡೆಗೈತೋ ನೋಡ್ಕೊಂಡ್ ಬರ್ತೀನಿ, ಕೂತಿರಪ್ಪಾ" ಅಂತ ಸಾಬ್ರು ಇಳಿದು ಓಡಿದ್ರು.

ಅಷ್ಟೊತ್ತಿಗೆ ಫೋನು ಬಾಯ್ಬಿಡ್ತು: "ನೀವು ತಲುಪಬೇಕಾದ ಸ್ಥಳ ಬಂದಿದೆ."

ಬಂತಲ್ಲ! ಓಬಳೇಶ ಧುಮುಕ್ದ. ಲಾರಿ ಹಿಂದಿನ ಡಾಲಾ ಬಾಗ್ಲು ತೆಗೆದ. ಒಂದಿಳಿಸಿದ, ಗೋಡೆಗೆ ಒರಗಿಸಿದ. ಇನ್ನೊಂದಿಳಿಸಿದ, ಗೋಡೆಗೆ ಒರಗಿಸಿದ. ಸಾಬ್ರು ವಾಪಸ್ ಬರೋ ಹೊತ್ತಿಗೆ ಅರ್ಧ ಲಾರಿ ಚರಂಡಿ ಪಕ್ಕ ಸಾಲಾಗಿ ನಿಂತಿತ್ತು.

"ಯಾ ಅಲ್ಲಾ! ಇದೇನಯ್ಯಾ!"

"ಬಂತು ಅಂತು ಸಾಬಣ್ಣ. ಇಳಿಸ್ದೆ."

"ಗೋಡೆಗೆ ಉಸಿರಾಟ ಐತೇನಯ್ಯಾ? ಗೋಡೆಗೆ ಕೊಡ್ತೀಯಾ? ಒಳಗೆ ಮಕ್ಳು ಸಾಯ್ತವ್ರೆ! ಹೇರು, ಹೇರು!" ಸಾಬ್ರಿಗೆ ಕಣ್ಣಲ್ಲಿ ನೀರು ಬಂತು. ಇಬ್ರೂ ಸೇರಿ ಹೇರಿದ್ರು. ಹೇರ್ತಾ ಹೇರ್ತಾನೇ ಬೈದ್ರು, ಬೈತಾ ಬೈತಾನೇ ಬುದ್ಧಿ ಹೇಳಿದ್ರು: "ಫೋನಿನೊಳಗಿರೋ ಹೆಂಗಸಿನ ಮಾತಿಗೆ ಮಾಡ್ಬೇಡ. ಮನುಷ್ಯರ ಮಾತಿಗೆ ಮಾಡು. ಆಸ್ಪತ್ರೆಯೋರು ಏನ್ ಹೇಳ್ತಾರೋ ಹಂಗೆ ಮಾಡು. ತಿಳೀತಾ?"

"ತಿಳೀತು ಸಾಬಣ್ಣ! ಫೋನಲ್ಲಿ ಹೆಂಗಸು ಹೇಳಿದ್ರೆ ಮಾಡ್ಬಾರ್ದು."

ಮುಂದಿನ ಗೇಟಿಗೆ ಬಂದ್ರು. ಅಲ್ಲಿ ಸ್ಟೋರಿನ ಗುಮಾಸ್ತ ಕಂಪ್ಯೂಟರ್ ಮುಂದೆ ಕೂತಿದ್ದ. ಬೆವರು ಒರೆಸ್ಕೊಳ್ತಾನೇ ಅಂದ: "ನಮ್ಮಲ್ಲಿ ನಿಮ್ ಲೋಡೇ ತೋರಿಸ್ತಿಲ್ಲ. ತೋರಿಸ್ದೇ ಸ್ಟೋರಿನ ಬೀಗ ತೆಗೆಯೋ ಹಂಗಿಲ್ಲ. ಹೊಸ ಪದ್ಧತಿ. ನಾನೇನ್ ಮಾಡ್ಲಿ?"

ಬೆಳಿಗ್ಗೆ ಅಳಿಸಿದ್ದೇ ಇಲ್ಲಿ ಬಂದು ಅಡ್ಡ ನಿಂತಿತ್ತು! ಆ ಗಡಿಬಿಡೀಲಿ ಮತ್ತೆ ಸ್ಕ್ಯಾನ್ ಮಾಡಿದ್ದನ್ನ ಆಸ್ಪತ್ರೆ ಕಂಪ್ಯೂಟರಿಗೆ ಕಳ್ಸೋದೇ ಮರ್ತೋಗಿತ್ತು.

ಮಹಡಿ ಮೆಟ್ಟಿಲ ಮೇಲಿಂದ ನರ್ಸ್ ರತ್ನಪ್ರಭಾ ಕೂಗಿದ್ರು. "ಬಂತಾ? ಬಂತಾ? ಸಿಲಿಂಡರ್ ಮೀಟರಿನ ಮುಳ್ಳು ಕೆಂಪಿಗೆ ಬಂತು ಸಾರ್! ಲಿಫ್ಟ್ ಕೆಟ್ಟೈತೆ, ಹೊತ್ತು ತರೋಕೆ ಯಾರೂ ಇಲ್ಲ!" ಅವರ ಹಿಂದೆ ತಾಯಂದಿರು ಅಳೋ ಸದ್ದು. ಒಂದು ಕೂಸು ಕೆಮ್ತಿತ್ತು. ಕೆಮ್ತಾ ಕೆಮ್ತಾ ಸಣ್ಣಗಾಗ್ತಿತ್ತು.

ಸಾಬ್ರು ವಿರೂಪಾಕ್ಷಪ್ಪಂಗೆ ಫೋನ್ ಹಚ್ಚಿದ್ರು. ಟ್ಯಾಬು ಲಾರೀಲೇ ಐತೆ, ಅದರಲ್ಲಿರೋ ವಿವರ ಆಸ್ಪತ್ರೆಗೆ ಹೋಗ್ಬೇಕು, ಅಷ್ಟೇ ಆಗ್ಬೇಕಾಗಿದ್ದಿದ್ದು. ಫೋನು ಕೈಯಿಂದ ಕೈಗೆ ಹೋಗಿ ಓಬಳೇಶನ ಕಿವಿಗೆ ಬಂತು. ಈ ಕಡೆ ಯಾರವ್ರೆ ಅಂತಾನೂ ಕೇಳ್ದೆ ಒಳಗಿಂದ ವಿರೂಪಾಕ್ಷಪ್ಪ ಅರಚಿದ್ರು:

"ಅಪ್‌ಲೋಡ್ ಮಾಡೋ! ಬೇಗ ಅಪ್‌ಲೋಡ್ ಮಾಡೋ!"

ಓಬಳೇಶ ಯೋಚ್ನೆ ಮಾಡ್ದ. ಫೋನಲ್ಲಿ ಹೇಳ್ತಿರೋರು ಹೆಂಗಸಲ್ಲ, ಗಂಡಸು. ಹಂಗಾದ್ರೆ ಮಾಡ್ಬೋದು. ಅಪ್ ಅಂದ್ರೆ ಮೇಲೆ. ಲೋಡ್ ಅಂದ್ರೆ ಲೋಡು. ಅಷ್ಟೂ ಗೊತ್ತಾಗದಷ್ಟು ಪೆದ್ದನೇ ಅವನು?

ಲಾರಿ ಹತ್ತಿದ. ಸಿಲಿಂಡರ್ ಹೆಗಲಿಗೆ ಎತ್ತಿದ. ಗುಮಾಸ್ತನ ಮುಂದೆಯೇ ನಡೆದ.

"ಏಯ್! ಎಲ್ಲಿಗೋ? ಇನ್ನೂ ಎಂಟ್ರಿ ಆಗಿಲ್ಲ ಕಣೋ!"

"ಅಪ್ ಸಾರ್! ಲೋಡು ಅಪ್ಪಿಗೆ!"

ಗುಮಾಸ್ತ ಅಡ್ಡ ಬಂದ. ಓಬಳೇಶ ಅವನನ್ನ ಮೆಲ್ಲಗೆ ಪಕ್ಕಕ್ಕೆ ಸರಿಸಿದ, ಕುರ್ಚಿ ಸರಿಸಿದಂಗೆ. ಮೆಟ್ಟಿಲು ಹತ್ತಿದ. ಧಡ್, ಧಡ್, ಧಡ್. ಹೆಗಲ ಮೇಲೆ ಉಕ್ಕು, ಮೈ ತುಂಬ ಬೆವರು. ಒಂದು ಮಹಡಿ ಆಯ್ತು. ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ಎರಡೂ ಕೈ ಚಾಚಿ ನಿಂತಿದ್ರು.

"ದೇವ್ರೇ! ಇಲ್ಲೇ, ಇಲ್ಲೇ, ಒಳಗೆ ತಾ!"

ಓಬಳೇಶ ಮೇಲೆ ನೋಡ್ದ. ಮೆಟ್ಟಿಲು ಮುಗಿದಿರ್ಲಿಲ್ಲ.

"ಇನ್ನೂ ಅಪ್ ಐತಲ್ಲಮ್ಮಾ" ಅಂದ. ತಾರಸಿ ಕಡೆ ಕಾಲಿಟ್ಟ.

ನರ್ಸಮ್ಮ ಅವನ ಅಂಗಿ ಹಿಡ್ಕೊಂಡ್ರು. "ಎಲ್ಲಿಗ್ ಹೋಗ್ತೀಯೋ! ಮಗು ನೀಲಿ ಆಗ್ತೈತೆ!"

"ಸಾರು ಅಪ್ ಅಂದವ್ರೆ!"

"ಅಣ್ಣಾ, ನಿನ್ನ ಕಾಲಿಗ್ ಬೀಳ್ತೀನಿ, ಇಳಿಸು!"

ಓಬಳೇಶ ನಿಂತ. ಫೋನಲ್ಲಿ ಹೆಂಗಸು ಹೇಳಿದ್ರೆ ಮಾಡ್ಬಾರ್ದು. ಆದ್ರೆ ಈಯಮ್ಮ ಫೋನೊಳಗಿಲ್ಲ, ಎದುರಿಗೇ ಅವ್ರೆ. ಆಸ್ಪತ್ರೆಯೋರು ಹೇಳ್ದಂಗೆ ಮಾಡು ಅಂತ ಸಾಬಣ್ಣ ಬೇರೆ ಹೇಳವ್ರೆ. ಇಷ್ಟನ್ನೆಲ್ಲ ಅವನು ನಿಂತ್ಕೊಂಡು ನಿಧಾನಕ್ಕೆ ಯೋಚ್ನೆ ಮಾಡ್ದ. ನರ್ಸಮ್ಮನಿಗೆ ಅದು ಒಂದು ಯುಗ ಆಯ್ತು. ಆಮೇಲೆ ಇಳಿಸಿದ.

ನಳಿಗೆ ಹಚ್ಚಿದ್ರು. ಕೀಲಿ ತಿರುವಿದ್ರು. ಬುಸ್ ಅಂತು. ಕೂಸಿನ ಎದೆ ಮೇಲೆದ್ದು ಕೆಳಗಿಳೀತು. ಮತ್ತೆ ಎದ್ದು ಇಳೀತು. ತುಟಿಗೆ ಬಣ್ಣ ಬಂತು. ಅದರ ತಾಯಿ ಸೆರಗು ಬಾಯಿಗೆ ತುರುಕ್ಕೊಂಡು ಗೋಡೆಗೆ ಒರಗಿ ಕುಸಿದ್ಲು.

"ಇನ್ನೂ ತಾ!" ಅಂದ್ರು ನರ್ಸಮ್ಮ. ಓಬಳೇಶ ಇನ್ನೂ ತಂದ. ಸಾಕು ಅನ್ನೋ ತನಕ ತಂದ. ಕೆಳಗೆ ಗುಮಾಸ್ತನ ಕಂಪ್ಯೂಟರಲ್ಲಿ ಚಕ್ರ ಇನ್ನೂ ತಿರುಗ್ತಾನೇ ಇತ್ತು.

ಆಮೇಲೆ ಸಾಬ್ರೇ ಟ್ಯಾಬಿನ ಕೆಲಸ ಹೆಂಗೋ ಮುಗಿಸಿ ಚಾ ಕುಡಿಯೋಕೆ ಹೋದ್ರು. ಗುಮಾಸ್ತ ಅರ್ಧ ಸಿಟ್ಟಲ್ಲಿ, ಅರ್ಧ ಸಮಾಧಾನದಲ್ಲಿ ಅಂದ: "ಮಾರಾಯ, ಮುಗೀತಲ್ಲ. ಈಗ ಖಾಲಿ ಇರೋದನ್ನೆಲ್ಲ ಲಾರಿಗೆ ಹಾಕ್ಕೊಂಡು ಹೊರಡು."

"ಖಾಲಿ ಇರೋದೆಲ್ಲಾನೂವಾ ಸಾರ್?"

"ಎಲ್ಲಾನೂ! ಒಂದೂ ಬಿಡಬೇಡ."

ಇತ್ತ ಕಾರ್ಖಾನೇಲಿ ಗಿರಿಯಮ್ಮ ಅನ್ನ ಮುಟ್ಟಿರ್ಲಿಲ್ಲ. ಗೇಟಿನ ಹತ್ರಾನೇ ಬುತ್ತಿ ಹಿಡ್ಕೊಂಡು ಕೂತಿದ್ಲು. ಸಂಜೆ ಬಿಸಿಲಿಗೆ ಲಾರಿ ಬಂತು. ವಿರೂಪಾಕ್ಷಪ್ಪನೂ ಬಂದ್ರು. ನರ್ಸಮ್ಮ ಫೋನ್ ಮಾಡಿ ಹರಸಿದ್ದು ಅವರ ಕಿವೀಲಿ ಇನ್ನೂ ಇತ್ತು. "ಗಿರಿಯಮ್ಮಾ, ನಾಳೇನೂ ಬಾ. ನಿನ್ ಮಗ ಗೆದ್ದ" ಅಂದ್ರು. ಅವಳು ಕಣ್ಣೊರೆಸ್ಕೊಂಡ್ಲು.

ಸಾಬ್ರು ಡಾಲಾ ತೆಗೆದ್ರು. ತೆಗೆದೋರು ಹಂಗೇ ನಿಂತ್ರು.

ಖಾಲಿ ಸಿಲಿಂಡರ್ ಇದ್ವು, ಸರಿ. ಅದರ ಜೊತೆ ಖಾಲಿ ಮಂಚ. ಖಾಲಿ ಕುರ್ಚಿಗಳು. ಖಾಲಿ ಬಕೀಟು, ಖಾಲಿ ಟಿಫನ್ ಕ್ಯಾರಿಯರು. ನಡುಮಧ್ಯೆ ಕುರ್ಚಿ ಮೇಲೆ, ಕೈಯಲ್ಲಿ ಲಾಠಿ ಹಿಡ್ಕೊಂಡು, ಆಸ್ಪತ್ರೆ ವಾಚ್‌ಮನ್ ತಾತ!

"ಲೋ ಓಬಳೇಶಾ! ಇವರ್ನ ಯಾಕ್ಲಾ ತಂದೆ?"

"ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಕಣಪ್ಪಾ ಅಂದ್ರು ಅವ್ವಾ. ಖಾಲಿ ಒಂದೂ ಬಿಡಬೇಡ ಅಂತ ಗುಮಾಸ್ತರು ಅಂದಿದ್ರು."

ತಾತ ಲಾಠಿ ಊರ್ಕೊಂಡು ಅಂದ: "ಬ್ಯಾಡ ಬ್ಯಾಡ ಅಂದ್ರೂ ಎತ್ಕೊಂಡು ಇಟ್ಬಿಟ್ಟ ಕಣವ್ವಾ!"

ಗಿರಿಯಮ್ಮ ಹಣೆ ಚಚ್ಕೊಂಡ್ಲು. "ಅಯ್ಯೋ ನನ್ ಕರ್ಮವೇ! ಪಾಪ, ವಯಸ್ಸಾದೋರು. ಮೊದ್ಲು ಹೊಟ್ಟೆ ತುಂಬ್ಸು, ಆಮೇಲೆ ವಾಪಸ್ ಬಿಟ್ಬಾ" ಅಂತ ಬುತ್ತಿ ಬಿಚ್ಚೋಕೆ ಬಗ್ಗಿದ್ಲು. ಬಿಚ್ಚಿ ತಲೆ ಎತ್ತಿದ್ರೆ ಮಗನೂ ಇಲ್ಲ, ತಾತನೂ ಇಲ್ಲ.

ಗ್ಯಾಸ್ ತುಂಬೋ ಶೆಡ್ಡಿನ ಕಡೆಯಿಂದ ಓಬಳೇಶನ ದನಿ ಕೇಳ್ತು:

"ತಾತಾ, ಪೈಪು ಹಚ್ತೀನಿ. ಬಾಯಿ ದೊಡ್ಡದಾಗಿ ಆ ಅನ್ನಿ!"